ಮೋಡ ಓದುವವರಿಗೂ ಒಂದು ಪರೀಕ್ಷೆ

ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ಮಳೆ ಹಿಡಿದಿರುತ್ತೆ, ಅದೇ ಹೊತ್ತಿಗೆ ಸವಣೂರಿನಲ್ಲಿ ಬಿಸಿಲು ಹೊಡೆಯುತ್ತಿರುತ್ತೆ. ಒಂದೇ ಹಾವೇರಿ ಜಿಲ್ಲೆ, ಮಳೆಗೆ ಮಾತ್ರ ಎರಡು ಲೆಕ್ಕ. ಶಿಗ್ಗಾವಿ, ಹಿರೇಕೆರೂರಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ರೋಹಿಣಿ, ಮೃಗಶಿರಾ ಅಂತ ಮಳೆ ಎಣಿಸಿ, ಗಾಳಿ ನೋಡಿ ಬಿತ್ತಿದವರು ಅವರು. ಅವರ ಲೆಕ್ಕ ತಪ್ಪಿದರೆ ಒಂದು ಹಂಗಾಮು ಹೋಗುತ್ತೆ. ವಿಮಾನ ನಿಲ್ದಾಣದಲ್ಲಿ ಕೂತವರ ಲೆಕ್ಕ ತಪ್ಪಿದರೆ?

ಈ ಭಾಗದ ಜನಕ್ಕೆ ವಿಮಾನ ಅಂದರೆ ಬಹುಕಾಲದಿಂದ ಹುಬ್ಬಳ್ಳಿಯೇ. ಅಲ್ಲಿ 2015ರ ಮಾರ್ಚ್ 8ರ ಸಂಜೆ, ಬೆಂಗಳೂರಿನಿಂದ ಬಂದ ಸ್ಪೈಸ್‌ಜೆಟ್ ವಿಮಾನ ಮಳೆಯಲ್ಲಿ ಇಳಿದು ರನ್‌ವೇ ಬಿಟ್ಟು ಜಾರಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಕೋಳಿಕ್ಕೋಡಿನಲ್ಲಿ ಆ ಪುಣ್ಯ ಇರಲಿಲ್ಲ. 2020ರ ಆಗಸ್ಟ್ 7ರಂದು ಮಳೆಯಲ್ಲೇ ಇಳಿದ ವಿಮಾನ ರನ್‌ವೇ ದಾಟಿ ಉರುಳಿ 21 ಜನ ಸತ್ತರು. ಪೈಲಟ್ ನಿಯಮ ಪಾಲಿಸಲಿಲ್ಲ ಅನ್ನೋದೇ ಮುಖ್ಯ ಕಾರಣ ಎಂದಿತು ತನಿಖಾ ವರದಿ. ಜೊತೆಗೆ ಇನ್ನೊಂದು ಮಾತನ್ನೂ ಬರೆಯಿತು: ಹವಾಮಾನ ಎಚ್ಚರಿಕೆ ಜಾರಿಯಲ್ಲಿದ್ದರೂ, ಟವರ್‌ನಲ್ಲಿ ಇರಲೇಬೇಕಾಗಿದ್ದ ಹವಾಮಾನ ಅಧಿಕಾರಿ ಆ ಗಳಿಗೆಯಲ್ಲಿ ಅಲ್ಲಿರಲಿಲ್ಲ.

ಈ ಅಧಿಕಾರಿಗಳ ಇಲಾಖೆ ಹುಟ್ಟಿದ್ದೇ ಸಾವುಗಳಿಂದ. 1864ರಲ್ಲಿ ಕಲ್ಕತ್ತಾ ಚಂಡಮಾರುತ, ಆಮೇಲೆ ಕೈಕೊಟ್ಟ ಮುಂಗಾರು, ಬರಗಾಲ. 1875ರಲ್ಲಿ ಭಾರತ ಹವಾಮಾನ ಇಲಾಖೆ ಶುರುವಾಯಿತು. ಆಗ ಚಿಂತೆ ಇದ್ದದ್ದು ಹಡಗು ಮತ್ತು ಬೆಳೆಯದ್ದು. ವಿಮಾನ ಇನ್ನೂ ಹುಟ್ಟಿರಲಿಲ್ಲ. 1928ರಲ್ಲಿ ಕೇಂದ್ರ ಕಚೇರಿ ಶಿಮ್ಲಾದಿಂದ ಪುಣೆಗೆ ಬಂತು. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿದ್ದ ಅಣ್ಣಾ ಮಣಿ 1948ರಲ್ಲಿ ಅಲ್ಲಿಗೆ ಸೇರಿದರು. ಸುಮಾರು 100 ಉಪಕರಣಗಳ ನಕ್ಷೆಗಳಿಗೆ ಒಂದೇ ಅಳತೆ ತಂದುಕೊಟ್ಟರು. ಉಪಕರಣಕ್ಕೆ ಅಳತೆ ಬಂತು, ಸರಿ. ಅದನ್ನು ಓದುವ ಮನುಷ್ಯನಿಗೆ?

ಅದಕ್ಕೆ ಇನ್ನೂ ದಶಕಗಳೇ ಬೇಕಾದವು. ವಿಶ್ವ ಹವಾಮಾನ ಸಂಸ್ಥೆಯ ಸಾಮರ್ಥ್ಯ ಮಾನದಂಡ ಜಾರಿಗೆ ಬಂದದ್ದು 2013ರ ಡಿಸೆಂಬರ್ 1ಕ್ಕೆ. ವಿಮಾನಗಳಿಗೆ ಮುನ್ಸೂಚನೆ ಕೊಡುವವರಿಗೆ ಐದು ಕೆಲಸ ಬರಲೇಬೇಕು: ಹವಾಮಾನದ ಮೇಲೆ ಸದಾ ಕಣ್ಣಿಡೋದು, ಮುಂದೇನಾಗುತ್ತೆ ಅಂತ ಹೇಳೋದು, ಅಪಾಯಕ್ಕೆ ಎಚ್ಚರಿಕೆ ಕೊಡೋದು, ಮಾಹಿತಿಯ ಗುಣಮಟ್ಟ ಕಾಯೋದು, ಅದನ್ನು ಪೈಲಟ್‌ಗೆ ಅರ್ಥವಾಗುವಂತೆ ಮುಟ್ಟಿಸೋದು. 2016ರಿಂದ ಇದರ ಜೊತೆಗೆ ಹವಾಮಾನ ಶಾಸ್ತ್ರದ ವಿದ್ಯಾರ್ಹತೆಯೂ ಕಡ್ಡಾಯವಾಯಿತು.

ಇದರಲ್ಲಿ ನಮಗೆ ಬೇಕಾದ ಷರತ್ತು ಒಂದಿದೆ, ಗಮನಿಸಿ. ಈ ಸಾಮರ್ಥ್ಯವನ್ನು ಅವರು ತೋರಿಸಬೇಕಾದ್ದು ತಮ್ಮ ಹೊಣೆಯ ಪ್ರದೇಶಕ್ಕೆ ಸಂಬಂಧಿಸಿ. ಅಂದರೆ ದೂರದೂರಿನಿಂದ ವರ್ಗವಾಗಿ ಬಂದವರು ಕೂಡ ಹುಬ್ಬಳ್ಳಿಯ ಮಾರ್ಚ್ ಸಂಜೆಯ ಗುಡುಗು ಮಳೆ ಹೇಗೆ ಏಳುತ್ತೆ ಅಂತ ತಿಳಿದಿರಲೇಬೇಕು. ಪುಣೆಯ ತರಬೇತಿಯ ಪ್ರಮಾಣಪತ್ರ ಒಂದೇ ಸಾಲದು.

ಊರೂರಿಗೆ ವಿಮಾನ ನಿಲ್ದಾಣ ಬೇಕು ಅಂತ ನಾವು ಕೇಳುತ್ತೇವೆ. ಕೇಳೋಣ, ತಪ್ಪಿಲ್ಲ. ರನ್‌ವೇ ಎಷ್ಟು ಉದ್ದ, ಟರ್ಮಿನಲ್ ಎಷ್ಟು ದೊಡ್ಡದು ಅಂತ ಮಂತ್ರಿಗಳು ಹೇಳುತ್ತಾರೆ. ಅಲ್ಲಿ ಮೋಡ ನೋಡುವವರು ಎಷ್ಟು ಜನ, ಅವರ ಪರೀಕ್ಷೆ ಕೊನೆಯದಾಗಿ ಯಾವಾಗ ಆಯಿತು? ಮುಂದಿನ ಸಲ ಅದನ್ನೂ ಕೇಳಿ.