ಆಕ್ಸಿಜನ್ ಜಾಸ್ತಿ ಕೊಟ್ಟರೆ ರೋಗಿ ಬೇಗ ಹುಷಾರಾಗುತ್ತಾರಾ?

"ಸಿಸ್ಟರ್, ಸ್ವಲ್ಪ ಜಾಸ್ತಿ ಇಡಿ." ಶಿವಮೊಗ್ಗವಿರಲಿ, ಭದ್ರಾವತಿಯಿರಲಿ, ಉಸಿರಾಟದ ತೊಂದರೆಗೆ ದಾಖಲಾದವರ ಹಾಸಿಗೆ ಪಕ್ಕ ಈ ಮಾತು ಕೇಳಿಸುತ್ತದೆ. ಸಿಸ್ಟರ್ ಒಪ್ಪದಿದ್ದರೆ, ಅವರು ಆಚೆ ಹೋದ ಮೇಲೆ ಮನೆಯವರೇ ತಿರುಪು ತಿರುಗಿಸುವುದೂ ಉಂಟು.

ಈ ಆತಂಕಕ್ಕೆ ಕಾರಣವಿದೆ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡ ಸುದ್ದಿಯನ್ನು ನಾವ್ಯಾರೂ ಮರೆತಿಲ್ಲ. ಅದೇ ಹೊತ್ತಿನಲ್ಲಿ ಭದ್ರಾವತಿಯ ವಿಐಎಸ್‌ಎಲ್ ಆವರಣದ ಆಕ್ಸಿಜನ್ ಘಟಕದಿಂದ ಆಸ್ಪತ್ರೆಗಳಿಗೆ ಸಿಲಿಂಡರ್ ಹೋಗುತ್ತಿದ್ದವು. ಕಡಿಮೆಯಾದರೆ ಜೀವ ಹೋಗುತ್ತದೆ ಎಂಬುದು ಸತ್ಯ. ಆದರೆ 'ಜಾಸ್ತಿಯಾದಷ್ಟೂ ಒಳ್ಳೆಯದು' ಎಂಬುದು ಸುಳ್ಳು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಒಂದು ಔಷಧಿ. ಅದಕ್ಕೂ ಡೋಸ್ ಇದೆ. ತೀವ್ರ ಕಾಯಿಲೆಯಿಂದ ಬಂದ ಹೆಚ್ಚಿನ ರೋಗಿಗಳಲ್ಲಿ ಆಕ್ಸಿಮೀಟರ್ 94ರಿಂದ 98 ತೋರಿಸಿದರೆ ಸಾಕು. ಸಿಒಪಿಡಿ ಇರುವವರಲ್ಲಿ ಸಾಮಾನ್ಯವಾಗಿ ಗುರಿ 88ರಿಂದ 92 ಮಾತ್ರ. ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ, ಸೌದೆ ಒಲೆಯ ಹೊಗೆ ಕುಡಿದವರಲ್ಲಿ ಬರುವ ಶ್ವಾಸಕೋಶದ ಕಾಯಿಲೆ ಇದು. ಬೀಡಿಯನ್ನೇ ಮುಟ್ಟದ ಅಜ್ಜಿಗೂ ಬರಬಹುದು ಎಂಬುದನ್ನು ಬಹಳ ಮನೆಗಳಲ್ಲಿ ಯಾರೂ ಯೋಚಿಸುವುದಿಲ್ಲ.

ಇಂಥವರಿಗೆ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಬಹುದು. ಮೊದಲು ತಲೆನೋವು, ಮಂಪರು, ಕೈ ನಡುಕ. ಆಮೇಲೆ ಎಚ್ಚರ ತಪ್ಪುವುದು. ಮೋಸವಿರುವುದು ಇಲ್ಲೇ: ಆಕ್ಸಿಮೀಟರ್ ಇಂಗಾಲದ ಡೈಆಕ್ಸೈಡನ್ನು ಅಳೆಯುವುದಿಲ್ಲ. ಅದರಲ್ಲಿ 99 ಕಾಣುತ್ತಿರುತ್ತದೆ, "ಅಪ್ಪ ಆರಾಮಾಗಿ ನಿದ್ದೆ ಮಾಡ್ತಿದ್ದಾರೆ" ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ. ಸಿಸ್ಟರ್ ಬಂದು ಎಬ್ಬಿಸಿ ಮಾತನಾಡಿಸುವುದು, ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುವುದು ಇದಕ್ಕೇ. ಅನುಮಾನ ಬಂದರೆ ವೈದ್ಯರು ರಕ್ತದ ಎಬಿಜಿ ಪರೀಕ್ಷೆ ಮಾಡಿಸುತ್ತಾರೆ.

ಇದಕ್ಕೆ ಪುರಾವೆಯೂ ಇದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲಿ ಬಂದ 405 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಇವರೆಲ್ಲ ಸಿಒಪಿಡಿ ಉಲ್ಬಣಿಸಿದೆ ಎಂದು ಅಂದಾಜಿಸಲಾದವರು. ಧಾರಾಳವಾಗಿ ಆಕ್ಸಿಜನ್ ಪಡೆದವರಲ್ಲಿ ಶೇ 9ರಷ್ಟು ಮಂದಿ ತೀರಿಕೊಂಡರೆ, 88ರಿಂದ 92ರ ಗುರಿಯಿಟ್ಟು ಅಳೆದು ಪಡೆದವರಲ್ಲಿ ಶೇ 4 ಮಂದಿ.

ಸಿಸ್ಟರ್ ನೋಡುವುದು ಮೀಟರಿನ ಗುಂಡನ್ನಷ್ಟೇ ಅಲ್ಲ. ಮೂಗಿನ ನಳಿಕೆಗೆ ಕಡಿಮೆ ಹರಿವು ಸಾಕು. ಸಾದಾ ಮಾಸ್ಕಿಗೆ ಕನಿಷ್ಠ 5 ಲೀಟರ್ ಬೇಕು. ಇಲ್ಲವಾದರೆ ಬಿಟ್ಟ ಉಸಿರನ್ನೇ ರೋಗಿ ಮತ್ತೆ ಎಳೆದುಕೊಳ್ಳುತ್ತಾರೆ. ಚೀಲವಿರುವ ಮಾಸ್ಕಾದರೆ ಚೀಲ ಉಬ್ಬಿಯೇ ಇರಬೇಕು. ನಳಿಕೆ ಮಡಚಿದೆಯೇ, ಕಿವಿಯ ಹಿಂದೆ ಹುಣ್ಣಾಗಿದೆಯೇ, ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ, ಎಲ್ಲವೂ ಅವರ ಲೆಕ್ಕದಲ್ಲಿರುತ್ತದೆ. 1,500 ಲೀಟರಿನ ಚಿಕ್ಕ ಸಿಲಿಂಡರ್ ನಿಮಿಷಕ್ಕೆ 5 ಲೀಟರ್ ಇಟ್ಟರೆ ಸುಮಾರು 5 ಗಂಟೆ ಬರುತ್ತದೆ. ನೀವು ಗೊತ್ತಾಗದಂತೆ 10ಕ್ಕೆ ಏರಿಸಿದರೆ ಎರಡೂವರೆ ಗಂಟೆಗೇ ಖಾಲಿ.

ಕರ್ಪೂರ, ಲವಂಗ, ಓಂಕಾಳಿನ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದೆ ಎಂಬ 2021ರ ಫಾರ್ವರ್ಡ್ ಈಗಲೂ ಬಂದರೆ ಅಲ್ಲಿಗೇ ನಿಲ್ಲಿಸಿ. ಏರುವುದಿಲ್ಲ. ಆಕ್ಸಿಜನ್ ಇರುವ ಕೋಣೆಯಲ್ಲಿ ಕರ್ಪೂರ, ಊದುಬತ್ತಿ, ಬೀಡಿ ಹಚ್ಚಿದರೆ ಬೆಂಕಿ ಕ್ಷಣದಲ್ಲಿ ಹಬ್ಬುತ್ತದೆ.

ಹಾಗಂತ ಇದನ್ನು ಓದಿ ಹೆದರಿ ಮಾಸ್ಕ್ ತೆಗೆಯಬೇಡಿ, ತಿರುಪನ್ನೂ ಇಳಿಸಬೇಡಿ. ಹಠಾತ್ತಾಗಿ ನಿಲ್ಲಿಸುವುದು ಇನ್ನೂ ಅಪಾಯ. ದಾಖಲಾಗುವಾಗಲೇ ಹಳೆಯ ಉಬ್ಬಸ, ಬೀಡಿ ಚಟ, ಒಲೆ ಹೊಗೆಯ ವಿಷಯ ಹೇಳಿ, ಹಳೆಯ ಚೀಟಿ ತೋರಿಸಿ. "ಇವರಿಗೆ ಎಷ್ಟಿರಬೇಕು, ಸಿಸ್ಟರ್?" ಎಂದು ಕೇಳಿಟ್ಟುಕೊಳ್ಳಿ. ಬೆರಳಿನಲ್ಲಿ ಮೆಹಂದಿ, ಉಗುರು ಬಣ್ಣ ಇದ್ದರೆ, ಕೈ ತಣ್ಣಗಿದ್ದರೆ ಮೀಟರ್ ತಪ್ಪು ತೋರಿಸಬಹುದು. ಸಂಖ್ಯೆ ಇಳಿದರೂ ಕರೆಯಿರಿ. ಸಂಖ್ಯೆ ಚೆನ್ನಾಗಿದ್ದು, ಎಬ್ಬಿಸಿದರೂ ರೋಗಿ ಸರಿಯಾಗಿ ಏಳದಿದ್ದರೆ ಇನ್ನೂ ಬೇಗ ಕರೆಯಿರಿ.