ಗುಜರಿಯಿಂದ ಎದ್ದ ಲಿಬರೇಟರ್

ಬೆಳಗಾವಿ ಜಿಲ್ಲೆ ಮತ್ತು ಗೋವಾ ಎರಡೂ ಕಾಣುವ ಒಂದು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಳ್ಳಿ. ಬೆಳಗಾವಿಯ ಪೂರ್ವಕ್ಕಿರುವ ಸಾಂಬ್ರಾದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ. ಪಣಜಿಯ ಸಮೀಪದ ಬಾಂಬೋಲಿಂ ಮೇಲೆ ಇನ್ನೊಂದು. ಎರಡನ್ನೂ ಸೇರಿಸಿ ಅಡಿಪಟ್ಟಿಯಿಂದ ಗೆರೆ ಎಳೆದರೆ ಅದು ಖಾನಾಪುರ ತಾಲ್ಲೂಕಿನ ಕಾಡುಗಳನ್ನು ದಾಟಿ, ಜಾಂಬೋಟಿಯ ಬಹಳ ಹತ್ತಿರದಲ್ಲೇ ಹಾದು, ಘಟ್ಟ ಇಳಿದು ಗೋವೆಯನ್ನು ಸೇರುತ್ತದೆ. ಬೆಳಗಾವಿಯಿಂದ ಚೋರ್ಲಾ ಘಟ್ಟದ ಮೂಲಕ ಪಣಜಿಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಜಾಂಬೋಟಿ ಒಂದು ನಿಲ್ದಾಣ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಹೋಗುವವರೂ ಇದನ್ನು ದಾಟಿಯೇ ಹೋಗಬೇಕು. ಆದರೆ ನಾವು ಎಳೆದ ಗೆರೆ ಬಸ್ಸಿನದಲ್ಲ, ವಿಮಾನದ್ದು. 1961ರ ಡಿಸೆಂಬರ್ 18ರ ಬೆಳಿಗ್ಗೆ ಭಾರತೀಯ ವಾಯುಪಡೆಯ ಆರು ಹಂಟರ್ ವಿಮಾನಗಳು ಸಾಂಬ್ರಾದಿಂದ ಹೊರಟು ಬಾಂಬೋಲಿಂನಲ್ಲಿದ್ದ ಪೋರ್ಚುಗೀಸರ ವೈರ್‌ಲೆಸ್ ಕೇಂದ್ರವನ್ನು ಹೊಡೆದುರುಳಿಸಿದವು. ಮರುದಿನ ಗೋವಾ ವಿಮೋಚನೆಗೊಂಡಿತು.

ಈ ಗೆರೆಯ ಉದ್ದ ಸುಮಾರು 95 ಕಿಲೋಮೀಟರ್. ಗಂಟೆಗೆ 900 ಕಿಲೋಮೀಟರ್ ವೇಗದ ಹಂಟರ್‌ಗೆ ಇದು ಆರೇಳು ನಿಮಿಷದ ದಾರಿ. ಬೆಳಗಾವಿಯಲ್ಲಿ ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಘಟ್ಟ, ಕಾಡು, ಗಡಿ ಎಲ್ಲವೂ ಹಿಂದೆ ಬಿದ್ದಿರುತ್ತವೆ.

ಸಾಂಬ್ರಾ ನಿಲ್ದಾಣವನ್ನು ಕಟ್ಟಿದ್ದು 1942ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ರಾಯಲ್ ಏರ್ ಫೋರ್ಸ್. ಬರ್ಮಾದ ರಣರಂಗಕ್ಕೆ ಬೇಕಾದ ತರಬೇತಿ ಮತ್ತು ಬೆಂಬಲಕ್ಕಾಗಿ ಭಾರತದುದ್ದಕ್ಕೂ ಅಂದು ಇಂಥ ಅನೇಕ ರನ್‌ವೇಗಳು ತಲೆಯೆತ್ತಿದವು. ಯುದ್ಧ ಮುಗಿದ ಮೇಲೆ ರನ್‌ವೇಗಳು ಉಳಿದವು. ಅವುಗಳ ಮೇಲೆ ಇಳಿದು ಏರುತ್ತಿದ್ದ ವಿಮಾನಗಳು ಏನಾದವು? ಇತಿಹಾಸದ ಪುಸ್ತಕಗಳಲ್ಲಿ ಒಪ್ಪಂದಗಳ ಹೆಸರು ಸಿಗುತ್ತದೆ, ಸೇನಾಪತಿಗಳ ಹೆಸರು ಸಿಗುತ್ತದೆ, ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಜಾಂಬೋಟಿಯಲ್ಲಿ ನಮ್ಮ ತಂಡ ಚಿತ್ರೀಕರಣ ನಡೆಸುತ್ತಿದ್ದಾಗ ಕ್ಯಾಮೆರಾದ ಸುತ್ತ ಸೇರಿದ್ದ ಹುಡುಗರಲ್ಲಿ ಒಬ್ಬ ಇನ್ನೂ ನೇರವಾಗಿ ಕೇಳಿದ: “ಸರ್, ರೊಕ್ಕ ಕೊಟ್ರ ಆ ಹಳೇ ವಿಮಾನದಾಗ ನಮ್ಮನ್ನ ಕುಂದರಿಸಿಕೊಂಡು ಹೋಗ್ತಾರೇನ್ರಿ?” ಹಂಟರ್‌ನಲ್ಲಿ ಆಗದು, ಅದರಲ್ಲಿ ಪೈಲಟ್‌ಗೆ ಮಾತ್ರ ಜಾಗ. ಆದರೆ ಬೆಂಗಳೂರಿನ ಕಾರ್ಮಿಕರ ಕೈಯಲ್ಲಿ ಮರುಹುಟ್ಟು ಪಡೆದ ಒಂದು ಯುದ್ಧವಿಮಾನ ದುಡ್ಡು ಕೊಟ್ಟ ಪ್ರಯಾಣಿಕರನ್ನು ಹೊತ್ತು ಹಲವು ವರ್ಷ ಹಾರಾಡಿದ್ದು ನಿಜ. ಹಾರಿದ್ದು ಮಾತ್ರ ಅಮೆರಿಕದಲ್ಲಿ.

ಅದರ ಹೆಸರು ಬಿ-24 ಲಿಬರೇಟರ್. ನಾಲ್ಕು ಎಂಜಿನ್‌ಗಳ ಭಾರೀ ಬಾಂಬರ್. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 110 ಅಡಿ. ಒಂದೊಂದು ಎಂಜಿನ್ನಿನ ಶಕ್ತಿ 1200 ಅಶ್ವಶಕ್ತಿ. ಯುದ್ಧಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಇಂಥವನ್ನು 18 ಸಾವಿರಕ್ಕೂ ಹೆಚ್ಚು ತಯಾರಿಸಿದವು. ಆ ದೇಶದ ಬೇರಾವ ಯುದ್ಧವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಲಿಲ್ಲ. ಅವುಗಳಲ್ಲಿ ಕೆಲವು ಬ್ರಿಟಿಷರಿಗೆ ಎರವಲು ರೂಪದಲ್ಲಿ ಬಂದವು. ಯುದ್ಧ ಮುಗಿದ ಮೇಲೆ ಅವನ್ನು ಹಿಂತಿರುಗಿಸಬೇಕು, ಇಲ್ಲವೇ ಉಪಯೋಗಕ್ಕೆ ಬಾರದಂತೆ ಮಾಡಬೇಕು ಎಂಬುದು ಕರಾರು. ಸಾಗರದಾಚೆ ಸಾಗಿಸುವ ಖರ್ಚಿಗಿಂತ ಒಡೆಯುವುದೇ ಅಗ್ಗ. ಹೀಗಾಗಿ ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಸಾಲುಸಾಲು ಲಿಬರೇಟರ್‌ಗಳನ್ನು ನಿಲ್ಲಿಸಿ ಅವುಗಳ ಉಪಕರಣಗಳನ್ನು ಒಡೆದುಹಾಕಲಾಯಿತು. ಎಂಜಿನ್‌ಗಳಿಗೆ ಮರಳು ಸುರಿಯಲಾಯಿತೆಂದೂ ಓದುತ್ತೇವೆ. ಇವು ಇನ್ನು ಹಾರಲಾರವು ಎಂದು ನಂಬಿ ಬ್ರಿಟಿಷರು ಹೊರಟುಹೋದರು.

ಸ್ವಾತಂತ್ರ್ಯ ಬಂದ ಎರಡೇ ತಿಂಗಳಲ್ಲಿ ಕಾಶ್ಮೀರದಲ್ಲಿ ಯುದ್ಧ ಆರಂಭವಾಯಿತು. ನಮ್ಮ ವಾಯುಪಡೆಯ ಬಳಿ ಭಾರೀ ಬಾಂಬರ್ ಒಂದೂ ಇರಲಿಲ್ಲ. ಹೊಸದನ್ನು ಕೊಳ್ಳಲು ಬೊಕ್ಕಸದಲ್ಲಿ ಹಣವೂ ಹೆಚ್ಚಿರಲಿಲ್ಲ. ಆಗ ನೆನಪಾದದ್ದು ಕಾನ್ಪುರದ ಗುಜರಿ, ಮತ್ತು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್.

ಈ ಕಾರ್ಖಾನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಇದನ್ನು ಸ್ಥಾಪಿಸಿದರು. 1943ರಲ್ಲಿ ಇದರ ಆಡಳಿತ ಅಮೆರಿಕದ ಸೈನ್ಯದ ಕೈಗೆ ಹೋಯಿತು. ಯುದ್ಧ ಮುಗಿಯುವವರೆಗೂ ಇಲ್ಲಿ ನಡೆದದ್ದು ಹೆಚ್ಚಾಗಿ ದುರಸ್ತಿಯ ಕೆಲಸ: ಡಕೋಟಾ, ಮಿಚೆಲ್ ಬಾಂಬರ್, ನೀರಿನ ಮೇಲೆ ಇಳಿಯುವ ಕ್ಯಾಟಲಿನಾ. ಹೊಸ ವಿಮಾನ ತಯಾರಿಸಲು ಬಿಡದೆ ರಿಪೇರಿಗೆ ಹಚ್ಚಿದರಲ್ಲ ಎಂದು ಇಂದು ನಮಗೆ ಬೇಸರವಾಗಬಹುದು. ಆದರೆ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇಲ್ಲಿದೆ. ಡಕೋಟಾದ ಎಂಜಿನ್ ಮತ್ತು ಲಿಬರೇಟರ್‌ನ ಎಂಜಿನ್ ಒಂದೇ ಕುಟುಂಬದವು: ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’, ಎರಡು ಸಾಲುಗಳಲ್ಲಿ ವೃತ್ತಾಕಾರವಾಗಿ ಜೋಡಿಸಿದ 14 ಸಿಲಿಂಡರ್‌ಗಳು, ಗಾಳಿಯಿಂದಲೇ ತಂಪಾಗುವ ವ್ಯವಸ್ಥೆ. ಡಕೋಟಾಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ್ದ ಕಾರ್ಖಾನೆಗೆ ಲಿಬರೇಟರ್‌ನ ಹೃದಯ ಅಪರಿಚಿತವೇನೂ ಆಗಿರಲಿಲ್ಲ. ಅದರ ದೇಹ ಮಾತ್ರ ದೊಡ್ಡದು.

ಆದರೆ ವಿಮಾನ ಇದ್ದದ್ದು ಕಾನ್ಪುರದಲ್ಲಿ, ಕಾರ್ಯಾಗಾರ ಇದ್ದದ್ದು ಬೆಂಗಳೂರಿನಲ್ಲಿ. ನಡುವೆ ಸುಮಾರು 1500 ಕಿಲೋಮೀಟರ್. ಅಷ್ಟು ಅಗಲದ ರೆಕ್ಕೆಯ ವಸ್ತುವನ್ನು ರೈಲಿನಲ್ಲಿ ತರುವುದು ಸುಲಭದ ಮಾತಲ್ಲ. ಉಳಿದದ್ದು ಒಂದೇ ದಾರಿ. ಒಂದರಿಂದ ಕಿತ್ತ ಭಾಗವನ್ನು ಇನ್ನೊಂದಕ್ಕೆ ಹೊಂದಿಸಿ, ಹಾರುವಷ್ಟು ಮಾತ್ರ ಸರಿಪಡಿಸಿ, ಹಾರಿಸಿಕೊಂಡೇ ಬರುವುದು. ಈ ಕೆಲಸಕ್ಕೆ ಮುಂದಾದವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ. ಹತ್ತು ಜನರ ತಂಡ ನಡೆಸಬೇಕಾದ ಯಂತ್ರವದು. ಗಂಟೆಗೆ 300 ಕಿಲೋಮೀಟರ್ ಎಂದು ಹಿಡಿದರೂ ಐದು ಗಂಟೆಯ ಹಾರಾಟ. ಕೆಳಗೆ ವಿಂಧ್ಯ, ದಖ್ಖನ್ನಿನ ಬಯಲು. ನಡುವೆ ಯಾವ ಎಂಜಿನ್ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು. ಹೀಗೆ ಒಂದೊಂದಾಗಿ ಬಂದ ವಿಮಾನಗಳು 40ಕ್ಕೂ ಹೆಚ್ಚು. ನನ್ನ ದೃಷ್ಟಿಯಲ್ಲಿ ನಮ್ಮ ವಿಮಾನಯಾನದ ಇತಿಹಾಸದಲ್ಲಿ ಇದಕ್ಕಿಂತ ದಿಟ್ಟವಾದ ಕೆಲಸ ಹೆಚ್ಚು ನಡೆದಿಲ್ಲ. ಆದರೂ ಮುನ್ಷಿಯವರ ಹೆಸರು ಕೇಳಿದವರು ಬೆಂಗಳೂರಿನಲ್ಲೇ ಅಪರೂಪ.

ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಯಾದ ವಿಮಾನಗಳಿಂದ 1948ರ ನವೆಂಬರಿನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ರೂಪುಗೊಂಡಿತು. 1957ರಲ್ಲಿ ಜೆಟ್ ಬಾಂಬರ್ ಕ್ಯಾನ್ಬೆರಾ ಬಂದ ಮೇಲೆ ಲಿಬರೇಟರ್‌ನ ಪಾತ್ರ ಬದಲಾಯಿತು. 6ನೇ ಸ್ಕ್ವಾಡ್ರನ್‌ನಲ್ಲಿ ಅದು ಸಮುದ್ರ ಕಾಯುವ ಕೆಲಸ ಮಾಡುತ್ತ 1968ರ ಕೊನೆಯವರೆಗೂ ಸೇವೆಯಲ್ಲಿತ್ತು. ಹಾರಲಾರವೆಂದು ಒಡೆದು ಹೋದ ವಿಮಾನಗಳು ಇಪ್ಪತ್ತು ವರ್ಷ ಹಾರಿದವು.

ಅಷ್ಟರಲ್ಲಿ ಅಮೆರಿಕ ಮತ್ತು ಬ್ರಿಟನ್ ತಮ್ಮಲ್ಲಿದ್ದ ಲಿಬರೇಟರ್‌ಗಳನ್ನು ಬಹುಪಾಲು ಕರಗಿಸಿ ಅಲ್ಯೂಮಿನಿಯಂ ಮಾಡಿಬಿಟ್ಟಿದ್ದರು. ವಸ್ತುಸಂಗ್ರಹಾಲಯಗಳಿಗೆ ಒಂದು ಬೇಕೆಂದು ಹುಡುಕಿದಾಗ ಅವರ ಕಣ್ಣಿಗೆ ಬಿದ್ದದ್ದು ಭಾರತ! ಕೆನಡಾಕ್ಕೆ ಒಂದು, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯಕ್ಕೆ ಒಂದು, 1974ರಲ್ಲಿ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯಕ್ಕೆ ಒಂದು ಹೋದವು. ಕೊನೆಯದಂತೂ, ಬ್ರಿಟಿಷರು ಬಿಟ್ಟುಹೋದುದನ್ನು ಅವರಿಗೇ ರಿಪೇರಿ ಮಾಡಿ ಕಳುಹಿಸಿದಂತಾಯಿತು.

ಆ ಹುಡುಗನ ಪ್ರಶ್ನೆಗೆ ಉತ್ತರವಾಗುವ ವಿಮಾನ 1944ರ ಆಗಸ್ಟಿನಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ತಯಾರಾದದ್ದು. ನಮ್ಮ ವಾಯುಪಡೆಯಲ್ಲಿ ಅದರ ಸಂಖ್ಯೆ ಎಚ್‌ಇ 771. 1968ರ ನಂತರ ಅದು ಮಳೆಬಿಸಿಲಿಗೆ ಬಿದ್ದಿತ್ತು. 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕ ಡೌಗ್ ಆರ್ನಾಲ್ಡ್ ಕೊಂಡು ಇಂಗ್ಲೆಂಡಿಗೆ ಸಾಗಿಸಿದರು. 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನ ಅದನ್ನು ತನ್ನದಾಗಿಸಿಕೊಂಡು ಎರಡನೇ ಬಾರಿ ಜೀರ್ಣೋದ್ಧಾರ ಮಾಡಿಸಿತು. 1989ರಲ್ಲಿ ಅದು ಮತ್ತೆ ಹಾರಿತು. ನಂತರ ವರ್ಷವರ್ಷವೂ ಊರೂರು ಸುತ್ತಿತು. ನಾನೂರು ಡಾಲರಿಗೂ ಹೆಚ್ಚು ಕೊಟ್ಟವರಿಗೆ ಸುಮಾರು ಅರ್ಧ ಗಂಟೆಯ ಹಾರಾಟ.

ಏನಿರುತ್ತದೆ ಆ ಅರ್ಧ ಗಂಟೆಯಲ್ಲಿ? ನಮ್ಮ ಪ್ರಯಾಣಿಕ ವಿಮಾನದ ಸುಖ ಯಾವುದೂ ಇಲ್ಲ. ಬಾಂಬುಗಳನ್ನು ತೂಗುಹಾಕುತ್ತಿದ್ದ ಕೋಣೆಯ ಬಾಗಿಲು ನಮ್ಮ ಅಂಗಡಿಗಳ ರೋಲಿಂಗ್ ಶಟರ್‌ನಂತೆ ಹೊರಮೈ ಮೇಲೆ ಜಾರಿ ತೆರೆದುಕೊಳ್ಳುವಂಥದು. ಆ ಕೋಣೆಯನ್ನು ದಾಟಲು ಇರುವುದು ಒಂದು ಗೇಣಿನಷ್ಟು ಅಗಲದ ಲೋಹದ ಪಟ್ಟಿ. ಅದರ ಮೇಲೆ ಅಡ್ಡಡ್ಡವಾಗಿ ಮೈ ತೂರಿಸಿಕೊಂಡು ಮುಂದಕ್ಕೆ ಹೋಗಬೇಕು. ಪಕ್ಕದಲ್ಲಿ ಬಂದೂಕು ನಿಲ್ಲಿಸುತ್ತಿದ್ದ ಕಿಟಕಿಗಳಿಂದ ಗಾಳಿ ನುಗ್ಗುತ್ತದೆ. ನಾಲ್ಕು ಎಂಜಿನ್‌ಗಳ ಸದ್ದಿನಲ್ಲಿ ಪಕ್ಕದವರ ಮಾತು ಕೇಳಿಸದು. ಪ್ರಯಾಣಿಕರನ್ನು ಕಡಿಮೆ ಎತ್ತರದಲ್ಲಿ ಒಯ್ಯುತ್ತಿದ್ದುದರಿಂದ ಚಳಿಯ ತೊಂದರೆ ಅಷ್ಟಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಪ್ರತಿ ಕಿಲೋಮೀಟರ್ ಎತ್ತರಕ್ಕೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ನೆಲದ ಮೇಲೆ 15 ಡಿಗ್ರಿ ಇದ್ದರೆ ಏಳು ಕಿಲೋಮೀಟರ್ ಎತ್ತರದಲ್ಲಿ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗೆ. ಇಪ್ಪತ್ತರ ಆಸುಪಾಸಿನ ಹುಡುಗರು, ಅಂದರೆ ನಿಮ್ಮ ಕಾಲೇಜಿನ ವಯಸ್ಸಿನವರು, ಮುಖಕ್ಕೆ ಆಮ್ಲಜನಕದ ಮುಸುಕು ಕಟ್ಟಿಕೊಂಡು ಅಂಥ ಚಳಿಯಲ್ಲಿ ಆರೆಂಟು ಗಂಟೆ ಕುಳಿತಿರುತ್ತಿದ್ದರು. ಪುಟಗಟ್ಟಲೆ ಓದಿದರೂ ತಿಳಿಯದ ಈ ಸಂಗತಿ ಆ ಕಿರಿದಾದ ಪಟ್ಟಿಯ ಮೇಲೆ ಕಾಲಿಟ್ಟಾಗ ಮೈಗೆ ತಿಳಿಯುತ್ತದೆ. ಹಳೆಯ ವಿಮಾನವನ್ನು ಹಾರುವಂತೆಯೇ ಇಟ್ಟುಕೊಳ್ಳಬೇಕು ಎನ್ನುವವರ ವಾದವೂ ಇದೇ.

ಒಂದು ವಿಷಯ ಮಾತ್ರ ನನಗೆ ಚುಚ್ಚುತ್ತದೆ. ಆ ವಿಮಾನದ ಮೂತಿಯ ಮೇಲೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹೆಸರು ಬರೆದರು: ಮೊದಲು ‘ಆಲ್ ಅಮೆರಿಕನ್’, ಆಮೇಲೆ ಇನ್ನೊಂದು, 2005ರಿಂದ ‘ವಿಚ್‌ಕ್ರಾಫ್ಟ್’. ಇವೆಲ್ಲ ಯುದ್ಧದಲ್ಲಿ ಹೋರಾಡಿದ ಅಮೆರಿಕದ ಬೇರೆ ಲಿಬರೇಟರ್‌ಗಳ ಹೆಸರು, ಬಣ್ಣ. ಅಲ್ಲಿನ ಯೋಧರ ನೆನಪಿಗೆ ಅದು ಸರಿಯೇ. ಆದರೆ ಈ ವಿಮಾನ ಮಹಾಯುದ್ಧದಲ್ಲಿ ಕಳೆದದ್ದು ಒಂದು ವರ್ಷಕ್ಕೂ ಕಡಿಮೆ ಕಾಲ, ಅದೂ ಬ್ರಿಟಿಷರ ಕೈಯಲ್ಲಿ. ಭಾರತದ ಚಕ್ರಾಂಕಿತವಾಗಿ ದುಡಿದದ್ದು ಇಪ್ಪತ್ತು ವರ್ಷ. ಬೆಂಗಳೂರಿನ ಫಿಟ್ಟರ್‌ಗಳು ಮರಳು ತೆಗೆದು, ತಗಡು ಹೊಡೆದು ಎಬ್ಬಿಸದಿದ್ದರೆ ಬಣ್ಣ ಬಳಿಯಲು ಅದರ ಮೂತಿಯೇ ಉಳಿಯುತ್ತಿರಲಿಲ್ಲ.

ಇನ್ನು ಅಪಾಯದ ಮಾತು. 2019ರ ಅಕ್ಟೋಬರ್ 2ರಂದು ಇದೇ ಪ್ರತಿಷ್ಠಾನದ ಮತ್ತೊಂದು ವಿಮಾನ, ಬಿ-17 ಬಾಂಬರ್, ಹತ್ತು ಪ್ರಯಾಣಿಕರೊಂದಿಗೆ ಅಮೆರಿಕದ ಬ್ರ್ಯಾಡ್ಲಿ ನಿಲ್ದಾಣದಿಂದ ಏರಿ, ಎಂಜಿನ್ ತೊಂದರೆಯಿಂದ ಕೆಲವೇ ನಿಮಿಷಗಳಲ್ಲಿ ಹಿಂತಿರುಗುವಾಗ ಅಪ್ಪಳಿಸಿತು. ಇಬ್ಬರು ಪೈಲಟ್‌ಗಳು, ಐವರು ಪ್ರಯಾಣಿಕರು ಸತ್ತರು. ಈ ಎಂಜಿನ್‌ಗಳಲ್ಲಿ ಕಿಡಿ ಹುಟ್ಟಿಸುವುದು ಮ್ಯಾಗ್ನೆಟೊ ಎಂಬ ಸಾಧನ. ತಿರುಗುವ ಅಯಸ್ಕಾಂತದಿಂದ ವಿದ್ಯುತ್ ಪಡೆಯುವ, ನೀವು ಪಠ್ಯದಲ್ಲಿ ಓದಿದ ಫ್ಯಾರಡೆಯ ತತ್ವವೇ ಅದು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಪ್ರತಿ ಎಂಜಿನ್‌ಗೂ ಎರಡೆರಡು ಇರುತ್ತವೆ. ಆ ವಿಮಾನದ ಒಂದು ಎಂಜಿನ್‌ನಲ್ಲಿ ಎರಡರಲ್ಲೂ ದೋಷವಿದ್ದುದು ತನಿಖೆಯಲ್ಲಿ ಕಂಡುಬಂತು. ನಿರ್ವಹಣೆಯ ಲೋಪವನ್ನು ತನಿಖಾಧಿಕಾರಿಗಳು ಸ್ಪಷ್ಟವಾಗಿ ಬರೆದರು. 2020ರ ಮಾರ್ಚಿನಲ್ಲಿ ಪ್ರತಿಷ್ಠಾನಕ್ಕಿದ್ದ ಪ್ರಯಾಣಿಕರನ್ನು ಒಯ್ಯುವ ಅನುಮತಿ ರದ್ದಾಯಿತು. ಲಿಬರೇಟರ್‌ನ ಸವಾರಿಯೂ ಅಲ್ಲಿಗೆ ನಿಂತಿತು.

ಹಾಗಾದರೆ ಇವನ್ನು ನೆಲದ ಮೇಲೆಯೇ ಇಡುವುದು ವಾಸಿಯೇ? ಭಾರತದಲ್ಲಿ ಕಂಡುಕೊಂಡದ್ದು ನಡುವಿನ ದಾರಿ. ವಾಯುಪಡೆಯ ವಿಂಟೇಜ್ ವಿಮಾನ ತಂಡದಲ್ಲಿ ‘ಪರಶುರಾಮ’ ಎಂಬ ಡಕೋಟಾ ಇದೆ. ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಪೈಲಟ್ ಆಗಿದ್ದ ತಮ್ಮ ತಂದೆ ಏರ್ ಕಮೊಡೋರ್ ಎಂ. ಕೆ. ಚಂದ್ರಶೇಖರ್ ಅವರ ಗೌರವಾರ್ಥ ಬ್ರಿಟನ್ನಿನಲ್ಲಿ ಅದನ್ನು ಸರಿಪಡಿಸಿ ಕೊಡುಗೆಯಾಗಿತ್ತರು. 2018ರ ಏಪ್ರಿಲ್‌ನಲ್ಲಿ ಅದು ಕಾವೆಂಟ್ರಿಯಿಂದ ಹಂತಹಂತವಾಗಿ ಹಾರಿ ಜಾಮ್‌ನಗರ ಸೇರಿತು. ಮೇ 4ರಂದು ಹಿಂಡನ್ ನೆಲೆಯಲ್ಲಿ ಸೇವೆಗೆ ಸೇರಿತು. 1947ರ ಅಕ್ಟೋಬರ್‌ನಲ್ಲಿ ಸೈನಿಕರನ್ನು ಶ್ರೀನಗರಕ್ಕೆ ಒಯ್ದ ಡಕೋಟಾದ ನೆನಪಿಗೆ ಅದಕ್ಕೆ ವಿಪಿ 905 ಎಂಬ ಸಂಖ್ಯೆ. 2021ರ ಗಣರಾಜ್ಯೋತ್ಸವದಲ್ಲಿ ಅದು ರಾಜಪಥದ ಮೇಲೆ ಹಾರಿತು. ಆದರೆ ಸಾರ್ವಜನಿಕರಿಗೆ ಟಿಕೆಟ್ ಮಾರಿ ಕೂರಿಸುವುದಿಲ್ಲ. ಹಾರಿಸುವವರು ಆ ಅಪಾಯವನ್ನು ಅರಿತು ತರಬೇತಾದ ಸೈನಿಕರು. ಕಿಟಕಿಯ ಪಕ್ಕದ ಸೀಟು ಕೇಳುವ ಹುಡುಗನಿಗೆ ಇದರಿಂದ ನಿರಾಸೆಯಾಗುತ್ತದೆ, ಆದರೆ ಏಳು ಜನರ ಸಾವನ್ನು ನೋಡಿದ ಮೇಲೆ ಈ ಬಿಗಿಯನ್ನು ನಾನು ತಪ್ಪೆನ್ನಲಾರೆ.

ಲಿಬರೇಟರ್ ಒಂದು ನಮ್ಮಲ್ಲೂ ಉಳಿದಿದೆ. ದೆಹಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿರುವ ಅದರ ಸಂಖ್ಯೆ ಎಚ್‌ಇ 924. ಶೈಕ್ಷಣಿಕ ಪ್ರವಾಸಕ್ಕೆ ದೆಹಲಿಗೆ ಹೋಗುವ ಶಾಲಾ ಕಾಲೇಜುಗಳು ಕೆಂಪುಕೋಟೆ, ಕುತುಬ್ ಮಿನಾರ್ ನೋಡಿ ಆಗ್ರಾದ ಬಸ್ಸು ಹತ್ತುತ್ತವೆ. ಅರ್ಧ ದಿನ ಮಿಗಿಸಿಕೊಂಡು ಪಾಲಂಗೆ ಹೋದರೆ ಅದರ ರೆಕ್ಕೆಯ ಕೆಳಗೆ ನಿಂತು ತಲೆಯೆತ್ತಿ ಆ ಎಂಜಿನ್‌ಗಳನ್ನು ನೋಡಬಹುದು.