ಪೋಪರು ಹೇಳಿದರೆನ್ನಲಾದ ಮಾತು

ಇಟಲಿಯ ವಿಯಾರೆಜ್ಜೊ ಪಟ್ಟಣದಲ್ಲಿ ಮರಿಯಾ ವಾಲ್ತೋರ್ತಾ ಎಂಬ ಮಹಿಳೆಯಿದ್ದರು. 1934ರಿಂದ ಹಾಸಿಗೆ ಹಿಡಿದಿದ್ದ ಅವರು, 1943ರಿಂದೀಚೆಗೆ ಯೇಸುವಿನ, ಅರ್ಥಾತ್ ನಾವು ಪ್ರವಾದಿ ಈಸಾ(ಅ) ಎಂದು ಗೌರವಿಸುವವರ, ಜೀವನದೃಶ್ಯಗಳು ತಮಗೆ ಗೋಚರಿಸುತ್ತಿವೆಯೆಂದು ಹೇಳಿ ಸಾವಿರಾರು ಪುಟಗಳನ್ನು ಬರೆದರು. ಸರ್ವೈಟ್ ಸನ್ಯಾಸಿ ಸಂಘದ ಪಾದ್ರಿ ಮಿಲ್ಯೊರೀನಿ ಅವುಗಳನ್ನು ಬೆರಳಚ್ಚು ಮಾಡಿದರು. ಅದೇ ಸಂಘದ ದೈವಶಾಸ್ತ್ರ ಪ್ರಾಧ್ಯಾಪಕ ಕೊರಾದೊ ಬೆರ್ತಿ ಪ್ರಕಟಣೆಗಾಗಿ ಶ್ರಮಿಸಿದರು.

1948ರ ಫೆಬ್ರವರಿ 26ರಂದು ಇವರಿಬ್ಬರೂ ಸಂಘದ ಮತ್ತೊಬ್ಬ ಪಾದ್ರಿ ಚೆಕ್ಕಿನ್‌ರೊಂದಿಗೆ ಹನ್ನೆರಡನೆಯ ಪಿಯುಸ್ ಪೋಪರನ್ನು ಭೇಟಿಯಾದರು. ಕೃತಿಯನ್ನು ಇದ್ದಂತೆಯೇ ಪ್ರಕಟಿಸಿರೆಂದು ಪೋಪರು ಹೇಳಿದರೆಂಬುದು ಬೆರ್ತಿಯವರ ಹೇಳಿಕೆ. ವಾಲ್ತೋರ್ತಾರ ಅಭಿಮಾನಿಗಳಿಗೆ ಇಂದಿಗೂ ಇದೇ ದೊಡ್ಡ ಆಧಾರ.

ಭೇಟಿ ನಡೆದುದರಲ್ಲಿ ಸಂದೇಹವಿಲ್ಲ. ವ್ಯಾಟಿಕನ್ನಿನ ಪತ್ರಿಕೆಯೇ ಅದನ್ನು ದಾಖಲಿಸಿತ್ತು. ಆದರೆ ಭೇಟಿ ನಡೆಯಿತೆಂಬುದು ಒಂದು, ಇಂಥ ಮಾತು ಬಂದಿತೆಂಬುದು ಇನ್ನೊಂದು. ಮೊದಲನೆಯದಕ್ಕೆ ದಾಖಲೆಯಿದೆ, ಎರಡನೆಯದಕ್ಕೆ ಪೋಪರ ಒಂದು ಸಾಲಿನ ಬರಹವೂ ಇಲ್ಲ. ಸಾಕ್ಷಿಗಳು ಮೂವರಾದರೂ ಮೂವರೂ ಆ ಕೃತಿಯ ಪಕ್ಷದವರು. ಅವರು ಸುಳ್ಳುಗಾರರೆಂದು ನಾವು ಹೇಳುವುದಿಲ್ಲ. ಹದೀಸ್ ವಿದ್ವಾಂಸರು ವರದಿಗಾರನ ಪ್ರಾಮಾಣಿಕತೆಯೊಡನೆ ಅವನ ನೆನಪಿನ ನಿಖರತೆಯನ್ನೂ, ವರದಿಯು ಅವನದೇ ವಾದಕ್ಕೆ ಬಲ ಕೊಡುವುದೇ ಎಂಬುದನ್ನೂ ಪರಿಶೀಲಿಸುತ್ತಿದ್ದುದು ಓದುಗರಿಗೆ ತಿಳಿದೇ ಇದೆ. ಹಾರೈಸುವ ಕಿವಿಗೆ ಸೌಜನ್ಯದ ಮಾತೂ ಅಪ್ಪಣೆಯಾಗಿ ಕೇಳಿಸೀತು. ಮದೀನಾದ ಶೈಖ್ ಅಹ್ಮದ್ ಎಂಬವರ ಕನಸೆಂದು ತಲೆಮಾರುಗಳಿಂದ ಸುತ್ತುತ್ತಿರುವ ಪತ್ರವನ್ನು ಇಬ್ನ್ ಬಾಝ್‌ರಂಥವರು ಸುಳ್ಳೆಂದು ಬರೆದ ಮೇಲೂ ಹಂಚುವವರು ನಮ್ಮಲ್ಲಿಲ್ಲವೇ?

ಇನ್ನೂ ಒಂದು ಸಂಗತಿಯಿದೆ. ಬೆರ್ತಿಯವರ ವರದಿಯನ್ನೇ ಪೂರ್ಣವಾಗಿ ಒಪ್ಪಿದರೂ, ಕೃತಿಯ ಮೂಲ ಅಲೌಕಿಕವೋ ಅಲ್ಲವೋ ಎಂಬ ಬಗ್ಗೆ ಅಭಿಪ್ರಾಯ ಕೊಡಬೇಕಿಲ್ಲವೆಂದೂ ಪೋಪರು ಹೇಳಿದ್ದರೆಂದು ಅದರಲ್ಲಿದೆ. ಅಂದರೆ ದರ್ಶನಕ್ಕೆ ಮುದ್ರೆ ಅಲ್ಲಿಯೂ ಬೀಳಲಿಲ್ಲ!

ಮುಂದಿನ ನಡೆಯೂ ಗಮನಾರ್ಹ. ಮರುವರ್ಷವೇ ಪೋಪರ ಅಧೀನದ ಹೋಲಿ ಆಫೀಸ್, ಬೆರ್ತಿಯವರನ್ನು ಕರೆಸಿ ಪ್ರಕಟಣೆಯನ್ನು ತಡೆಯಿತು. ಪಿಯುಸ್ 1958ರವರೆಗೆ ಬದುಕಿದ್ದರೂ ಆ ತಡೆಯನ್ನು ತೆಗೆಸಲಿಲ್ಲ. ಆದರೂ ಗ್ರಂಥ ಅಚ್ಚಾಯಿತು. 1959ರ ಡಿಸೆಂಬರ್ 16ರಂದು ನಿಷಿದ್ಧ ಗ್ರಂಥಗಳ ಪಟ್ಟಿಗೂ ಸೇರಿತು.

1966ರಲ್ಲಿ ಆ ಪಟ್ಟಿಯ ಕಾನೂನುಬಲವೇ ರದ್ದಾಯಿತು. ದರ್ಶನಗಳ ಪುಸ್ತಕಗಳನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ಹಳೆಯ ವಿಧಿಯೂ ಅದೇ ವರ್ಷ ಬಿದ್ದುಹೋಯಿತು. ಇದನ್ನೇ ಮುನ್ನುಡಿಯಲ್ಲಿ ಚರ್ಚಿನ ಸಮ್ಮತಿಯೆಂಬಂತೆ ಮುದ್ರಿಸುವ ಪ್ರಕಾಶಕರು ಹುಟ್ಟಿಕೊಂಡರು. ಶಿಕ್ಷೆ ಇಲ್ಲದಿರುವುದು ಶಿಫಾರಸೆಂದು ಯಾವ ನ್ಯಾಯಾಲಯವೂ ಒಪ್ಪದು. 1985ರಲ್ಲಿ ಕಾರ್ಡಿನಲ್ ರಾಟ್ಸಿಂಗರ್, ಜಿನೋವಾದ ಕಾರ್ಡಿನಲ್ ಸಿರಿಯವರಿಗೆ ಪತ್ರ ಬರೆದು, ಪಟ್ಟಿ ರದ್ದಾದರೂ ಅದರ ನೈತಿಕ ಬಲ ಉಳಿದಿದೆಯೆಂದೂ ಈ ಗ್ರಂಥದ ಪ್ರಚಾರ ಸೂಕ್ತವಲ್ಲವೆಂದೂ ತಿಳಿಸಿದರು. ಆ ಪತ್ರಕ್ಕೆ ದಿನಾಂಕವಿದೆ, ಸಹಿಯಿದೆ.